ದೇವರ ತೀರ್ಪು ಮತ್ತು ಅಂಗಡಿಯ ತಕ್ಕಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಭಾನುವಾರದ ಶಾಲೆಯ ಮಕ್ಕಳಿಗೆ ಪಾಠ ಹೇಳಿದ್ದೇನೆ. ನಾನು ಸಭಾಪಾಲಕನಲ್ಲ, ದೇವಶಾಸ್ತ್ರದ ಪದವಿ ಪಡೆದವನೂ ಅಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ತೀರ್ಪಿನ ವಿಷಯ ಬಂದಾಗ ಮಕ್ಕಳು, ಅವರ ತಂದೆತಾಯಿ, ನೆರೆಯ ಲಿಂಗಾಯತ ಮತ್ತು ಮುಸ್ಲಿಂ ಗೆಳೆಯರು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಬಾಯಿಗೆ ಬಂದಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಸಭೆಗಳು ಒಪ್ಪುವ ಮಾತು ಎಲ್ಲಿದೆಯೋ ಅಲ್ಲಿ ಹಾಗೆಂದು ಹೇಳಿದ್ದೇನೆ. ಉಳಿದ ಕಡೆ ಅಭಿಪ್ರಾಯ ನನ್ನದೇ.

ದೇವರ ತೀರ್ಪು ಎಂದರೆ ಏನು? ಕೋರ್ಟಿನಲ್ಲಿ ಆಗುವಂಥದ್ದೇ?

ಧಾರವಾಡದವರಿಗೆ ಕೋರ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಅದೇ ಕಾಯಂ ಪೀಠವಾಯಿತು. ಅದಕ್ಕೆ ಮೊದಲು ಒಂದು ಮೇಲ್ಮನವಿಗಾಗಿ ಈ ಕಡೆಯ ರೈತ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಪೀಠಕ್ಕಾಗಿ ವಕೀಲರು ವರ್ಷಗಟ್ಟಲೆ ಹೋರಾಡಿದರು. ಯಾರನ್ನೋ ಶಿಕ್ಷಿಸಬೇಕೆಂದು ಅವರು ಧರಣಿ ಕೂತಿರಲಿಲ್ಲ. ನ್ಯಾಯ ಮನೆಯ ಹತ್ತಿರ ಬರಲಿ ಎಂದು ಕೂತಿದ್ದರು. ಬೈಬಲಿನ ತೀರ್ಪನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಒಂದು ಪುಸ್ತಕಕ್ಕೆ ಕನ್ನಡದಲ್ಲಿ ‘ನ್ಯಾಯಸ್ಥಾಪಕರು’ ಎಂಬ ಹೆಸರಿದೆ. ಇಂಗ್ಲಿಷಿನವರು ಅದನ್ನು ನ್ಯಾಯಾಧೀಶರು ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಕನ್ನಡದ ಅನುವಾದಕರು ಆರಿಸಿದ ಪದವೇ ಮೂಲಕ್ಕೆ ಹತ್ತಿರ ಎಂದು ನಾನು ಕನ್ನಡ ಮಾಸ್ತರನ ಅಭಿಮಾನವಿಟ್ಟುಕೊಂಡೇ ಹೇಳುತ್ತೇನೆ. ಆ ಪುಸ್ತಕದ ದೆಬೋರ ಖರ್ಜೂರದ ಮರದ ಕೆಳಗೆ ಕೂತು ಜನರ ವ್ಯಾಜ್ಯ ಬಗೆಹರಿಸುತ್ತಾಳೆ. ಗಿದ್ಯೋನ ವರ್ಷ ವರ್ಷ ಬಂದು ಬೆಳೆ ಸೂರೆ ಮಾಡುತ್ತಿದ್ದ ಮಿದ್ಯಾನ್ಯರನ್ನು ಓಡಿಸುತ್ತಾನೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕೆಟ್ಟುಹೋದದ್ದನ್ನು ಅದರ ಜಾಗದಲ್ಲಿ ಮತ್ತೆ ನಿಲ್ಲಿಸುವುದು. ಶಿಕ್ಷೆ ಅದರೊಳಗೆ ಬರಬಹುದು, ಆದರೆ ಶಿಕ್ಷೆಗಾಗಿಯೇ ತೀರ್ಪು ಇಲ್ಲ.

ಇಷ್ಟು ತಿಳಿದ ಮೇಲೆ ಬೈಬಲಿನ 96ನೆಯ ಕೀರ್ತನೆ ಓದಿದರೆ ಗೊಂದಲವಾಗುವುದಿಲ್ಲ. ದೇವರು ನ್ಯಾಯತೀರಿಸಲು ಬರುತ್ತಾನೆ ಎಂದು ಅಲ್ಲಿ ಹೊಲಗಳು ಉಲ್ಲಾಸಪಡುತ್ತವೆ, ಕಾಡಿನ ಮರಗಳು ಹಾಡುತ್ತವೆ. ತೀರ್ಪು ಬರೀ ಭಯದ ಮಾತಾಗಿದ್ದರೆ ಮರಗಳೇಕೆ ಹಾಡಬೇಕು? ಹೊಲ ಕಳೆದುಕೊಂಡವನಿಗೆ, ಕೂಲಿ ಸಿಗದವಳಿಗೆ, ಲೂಕನ ಸುವಾರ್ತೆಯಲ್ಲಿ ನ್ಯಾಯಾಧಿಪತಿಯ ಬಾಗಿಲು ಬಡಿದು ಬಡಿದು ಅವನನ್ನೇ ಬೇಸರಪಡಿಸಿದ ವಿಧವೆಗೆ ತೀರ್ಪು ಸಿಹಿ ಸುದ್ದಿ. ನಡುಕ ಹುಟ್ಟಬೇಕಾದದ್ದು ಕಿತ್ತುಕೊಂಡವನಿಗೆ. ತೊಡಕು ಏನೆಂದರೆ ನಮ್ಮಲ್ಲಿ ಬಹಳ ಜನ ಒಂದು ಕಡೆ ಕಿತ್ತುಕೊಂಡವರು, ಇನ್ನೊಂದು ಕಡೆ ಕಳೆದುಕೊಂಡವರು.

ಅದು ನಡೆಯುವುದು ಸತ್ತ ಕೂಡಲೇ ಅಥವಾ ಲೋಕದ ಅಂತ್ಯದಲ್ಲಿ?

ಕ್ರಿಸ್ತನು ಮತ್ತೆ ಬಂದು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸುವನು ಎಂಬುದು ವಿಶ್ವಾಸಪ್ರಮಾಣದ, ಅಂದರೆ ಕ್ರೈಸ್ತ ನಂಬಿಕೆಯ ಸಾರ ಹೇಳುವ ಹಳೆಯ ಹೇಳಿಕೆಯ ಮಾತು. ಇಷ್ಟರ ಮಟ್ಟಿಗೆ ಕ್ಯಾಥೋಲಿಕರು, ದಕ್ಷಿಣ ಭಾರತ ಸಭೆಯ ಅಂದರೆ ಸಿಎಸ್‌ಐನವರು, ಮೆಥೋಡಿಸ್ಟರು, ಪೆಂತೆಕೋಸ್ತರು ಎಲ್ಲರದೂ ಒಂದೇ ನಂಬಿಕೆ. ಮುಂದಿನ ವಿವರಗಳಲ್ಲಿ ದಾರಿ ಕವಲೊಡೆಯುತ್ತದೆ. ಸತ್ತೊಡನೆ ಒಬ್ಬೊಬ್ಬರಿಗೂ ಒಂದು ತೀರ್ಪು, ಕೊನೆಯಲ್ಲಿ ಎಲ್ಲರ ಮುಂದೆ ಸಾರ್ವತ್ರಿಕ ತೀರ್ಪು ಎಂದು ಕ್ಯಾಥೋಲಿಕ್ ಸಭೆ ಬೋಧಿಸುತ್ತದೆ. ಇವೆರಡರ ನಡುವೆ ಶುದ್ಧೀಕರಣದ ಸ್ಥಿತಿಯೊಂದನ್ನೂ ನಂಬುತ್ತದೆ. ನವೆಂಬರ್ 2ರಂದು ಅವರು ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದು ಈ ನಂಬಿಕೆಯಿಂದಲೇ. ಪ್ರೊಟೆಸ್ಟೆಂಟರು ಶುದ್ಧೀಕರಣವನ್ನು ಒಪ್ಪುವುದಿಲ್ಲ. ಸತ್ತವರು ಕೊನೆಯ ತೀರ್ಪಿನವರೆಗೆ ನಿದ್ರಿಸುತ್ತಾರೆ ಎನ್ನುವವರೂ ಇದ್ದಾರೆ. ಒಂದೇ ಓಣಿಯ ಎರಡು ಕ್ರೈಸ್ತ ಮನೆಗಳಲ್ಲಿ ಇದಕ್ಕೆ ಎರಡು ಉತ್ತರ ಸಿಕ್ಕರೆ ಗಾಬರಿಯಾಗಬೇಡಿ.

ಲೋಕದ ಅಂತ್ಯದ ದಿನಾಂಕ ಹೇಳುವ ವಾಟ್ಸ್ಆ್ಯಪ್ ಸಂದೇಶಗಳನ್ನು ನಂಬಬೇಕೇ?

ಬೇಡ. ಆ ದಿನವನ್ನು ದೇವದೂತರೂ ತಿಳಿಯರು, ಮಗನೂ ತಿಳಿಯನು ಎಂದು ಯೇಸು ಹೇಳಿದ್ದು ಮಾರ್ಕನ 13ನೆಯ ಅಧ್ಯಾಯದಲ್ಲಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ಲೆಕ್ಕ ಹಾಕಿ ಕಾದು ಕೂತರು. ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟವರೂ ಅವರಲ್ಲಿದ್ದರು. 23ನೆಯ ತಾರೀಖು ಎಂದಿನಂತೆ ಬೆಳಗಾಯಿತು.

ಇದು ಕರ್ಮ ಸಿದ್ಧಾಂತವೇ ಅಲ್ಲವೇ? ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಮ್ಮಲ್ಲೂ ಹೇಳುತ್ತಾರಲ್ಲ?

ಹತ್ತಿರದ ಮಾತು, ಆದರೆ ಒಂದೇ ಅಲ್ಲ. ಮನುಷ್ಯನು ಬಿತ್ತಿದ್ದನ್ನೇ ಕೊಯ್ಯುವನು ಎಂದು ಆದಿಸಭೆಯ ಬೋಧಕ ಪೌಲನು ಗಲಾತ್ಯದ ಸಭೆಗಳವರಿಗೆ ಬರೆದಿದ್ದಾನೆ. ಮಸಾರಿ ಹೊಲದಲ್ಲಿ ಶೇಂಗಾ ಬಿತ್ತಿ ಕಡಲೆ ಕೀಳಲು ಹೋದವರು ಯಾರೂ ಇಲ್ಲ. ಇಲ್ಲಿಯವರೆಗೆ ಎರಡೂ ಒಂದೇ ದಾರಿ.

ಬೇರೆಯಾಗುವುದು ಮೂರು ಕಡೆ. ಮೊದಲನೆಯದಾಗಿ, ಸಾಯುವುದು ಒಂದೇ ಸಾರಿ, ಆಮೇಲೆ ನ್ಯಾಯತೀರ್ಪು ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಉಳಿದ ಬಾಕಿಯನ್ನು ಇನ್ನೊಂದು ಜನ್ಮಕ್ಕೆ ಸಾಗಿಸುವ ಲೆಕ್ಕ ಇಲ್ಲಿಲ್ಲ. ಎರಡನೆಯದು, ಹುಟ್ಟು ಕುರುಡನನ್ನು ನೋಡಿ ‘ಯಾರು ಪಾಪ ಮಾಡಿದ್ದರಿಂದ ಹೀಗಾಯಿತು, ಇವನೋ ಇವನ ತಂದೆತಾಯಿಯೋ’ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎಂದನು. ಒಬ್ಬನ ಬಡತನವನ್ನೋ ಅಂಗವಿಕಲತೆಯನ್ನೋ ಕಂಡು ಅವನ ಪಾಪದ ಲೆಕ್ಕ ಹಾಕುವ ದಾರಿಯನ್ನು ಆ ಒಂದು ಉತ್ತರ ಮುಚ್ಚಿಬಿಟ್ಟಿತು. ಮೂರನೆಯದು ಕ್ಷಮೆ. ತೀರ್ಪು ಕೊಡುವುದು ಒಂದು ನಿಯಮವಲ್ಲ, ಒಬ್ಬಾತ. ನಿಯಮ ಕ್ಷಮಿಸಲಾರದು, ಆತ ಕ್ಷಮಿಸಬಲ್ಲ. ಕರ್ಮವನ್ನು ದೇವರ ಕೃಪೆ ಸುಡಬಲ್ಲದು ಎಂದು ಹಾಡಿದ ಭಕ್ತರು ಈ ನಾಡಿನಲ್ಲೂ ಆಗಿಹೋಗಿದ್ದಾರೆ. ಈ ವಿಷಯಕ್ಕೆ ನನ್ನ ಜೊತೆ ವಾದಕ್ಕೆ ಕೂರುವ ಲಿಂಗಾಯತ ಗೆಳೆಯ ಅದನ್ನು ಪ್ರತಿ ಸಲವೂ ನೆನಪಿಸುತ್ತಾನೆ, ನಾನೂ ಪ್ರತಿ ಸಲ ಒಪ್ಪಿಕೊಳ್ಳುತ್ತೇನೆ.

‘ನೀತಿವಂತ’ ಎಂದು ಬೈಬಲ್ ಹೇಳುವುದು ಯಾರಿಗೆ? ಕುಡಿಯದವನಿಗೆ, ಸುಳ್ಳು ಹೇಳದವನಿಗೆ?

ನೀತಿ ಎಂದಾಗ ನಮ್ಮ ಕಿವಿಗೆ ನೀತಿಕಥೆ, ಚುನಾವಣೆಯ ನೀತಿ ಸಂಹಿತೆ, ಸರ್ಕಾರದ ಜವಳಿ ನೀತಿ ಕೇಳಿಸುತ್ತದೆ. ಹಾಗಾಗಿ ನೀತಿವಂತ ಎಂದರೆ ನಿಯಮ ಮುರಿಯದ ಸಭ್ಯ ಗೃಹಸ್ಥ ಎಂದುಕೊಳ್ಳುತ್ತೇವೆ. ಮೂಲದ ಹೀಬ್ರೂ ಪದಕ್ಕೆ ಸಂಬಂಧದ ವಾಸನೆ ಹೆಚ್ಚು: ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಿದವನು ನೀತಿವಂತ.

ಆದಿಕಾಂಡದ 38ನೆಯ ಅಧ್ಯಾಯವನ್ನು ಮಕ್ಕಳಿಗೆ ಹೇಳಲು ಸಂಕೋಚ, ಆದರೆ ದೊಡ್ಡವರು ಓದಲೇಬೇಕು. ತಾಮಾರಳು ಗಂಡ ಸತ್ತವಳು. ಆ ಕಾಲದ ಪದ್ಧತಿಯಂತೆ ಅವಳಿಗೆ ಮನೆಯ ಕಿರಿಯ ಮಗನೊಂದಿಗೆ ಮದುವೆ ಮಾಡಿಸಬೇಕಾಗಿದ್ದ ಮಾವ ಯೆಹೂದ ಅವಳನ್ನು ತವರಿಗೆ ಕಳಿಸಿ ಮರೆತುಬಿಟ್ಟ. ಅವಳು ಮುಸುಕು ಹಾಕಿ ದಾರಿಬದಿಯಲ್ಲಿ ಕೂತಳು. ಸೂಳೆ ಎಂದುಕೊಂಡು ಮಾವನೇ ಬಂದ. ಮುಂದೆ ಅವಳು ಬಸುರಿ ಎಂದು ತಿಳಿದಾಗ ಅದೇ ಮಾವ ಅವಳನ್ನು ಸುಟ್ಟುಬಿಡಿರಿ ಎಂದ. ಅವನು ಒತ್ತೆಯಿಟ್ಟಿದ್ದ ಮುದ್ರೆಯನ್ನೂ ಕೋಲನ್ನೂ ಅವಳು ಕಳಿಸಿಕೊಟ್ಟಳು. ಆಗ ಯೆಹೂದ ಹೇಳಿದ ಮಾತು, ಅವಳು ನನಗಿಂತ ನೀತಿವಂತಳು. ಊರಿನ ಕಟ್ಟೆಯ ಮೇಲೆ ಕೂತವರು ಅಂದಿಗೂ ಇಂದಿಗೂ ಅವಳಿಗೆ ಆ ಪಟ್ಟ ಕಟ್ಟುವವರಲ್ಲ. ಸಲ್ಲಬೇಕಾದದ್ದನ್ನು ತಡೆಹಿಡಿದವನು ಅವನು, ಅದಕ್ಕಾಗಿ ಜೀವ ಪಣಕ್ಕಿಟ್ಟವಳು ಅವಳು. ಬೈಬಲ್ ನೀತಿಯನ್ನು ಅಳೆಯುವುದು ಅಲ್ಲಿ.

ಕುಡಿಯದಿರುವುದು ಒಳ್ಳೆಯದೇ. ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ.

ರಕ್ಷಣೆ ನಂಬಿಕೆಯಿಂದಲೋ ಕ್ರಿಯೆಗಳಿಂದಲೋ?

ಇದು ಯೂರೋಪನ್ನು ಸೀಳಿದ ಪ್ರಶ್ನೆ. 1517ರಿಂದ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಎತ್ತಿದ ಗದ್ದಲದ ಒಳಗೆ ಇದೇ ಇತ್ತು. ಕೇವಲ ನಂಬಿಕೆ ಎಂದು ಹಟ ಹಿಡಿದ ಆತನಿಗೆ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರ ನುಂಗಲಾರದ ತುತ್ತಾಗಿ ಅದನ್ನು ಹುಲ್ಲಿನ ಪತ್ರ ಎಂದು ಕರೆದ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದಾಗ ಈ ಜಗಳವೂ ಅವರ ಪೆಟ್ಟಿಗೆಯಲ್ಲಿ ಬಂತು. 1999ರ ಅಕ್ಟೋಬರ್ 31ರಂದು ಲೂಥರನ್ ಸಭೆಗಳ ಒಕ್ಕೂಟವೂ ಕ್ಯಾಥೋಲಿಕ್ ಸಭೆಯೂ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನನ್ನು ದೇವರು ಅಂಗೀಕರಿಸುವುದು ಕೃಪೆಯಿಂದ, ಅವನ ಯೋಗ್ಯತೆಯಿಂದಲ್ಲ, ಆದರೆ ಆ ಕೃಪೆ ಅವನನ್ನು ಒಳ್ಳೆಯ ಕ್ರಿಯೆಗಳಿಗೆ ಸಜ್ಜುಗೊಳಿಸುತ್ತದೆ ಎಂಬುದು ಅದರ ತಿರುಳು. ಸುಮಾರು ಐನೂರು ವರ್ಷದ ವ್ಯಾಜ್ಯ ರಾಜಿಯಾಯಿತು ಎನ್ನಬಹುದು. ಆದರೂ ನಮ್ಮ ಓಣಿಯಲ್ಲಿ ಕೆಲವರಿಗೆ ಸಮನ್ಸ್ ಇನ್ನೂ ತಲುಪಿಲ್ಲ.

ನಾನು ತರಗತಿಯಲ್ಲಿ ಹೇಳುವುದು ಹೆಪ್ಪಿನ ಮಾತು. ಹಾಲು ತನ್ನಷ್ಟಕ್ಕೆ ಒಳ್ಳೆಯ ಮೊಸರಾಗುವುದಿಲ್ಲ, ಒಡೆಯುತ್ತದೆ ಅಷ್ಟೆ. ಹೆಪ್ಪು ಹೊರಗಿನಿಂದ ಬರಬೇಕು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಬೇಡಿ ತರಬೇಕು, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಬೆಳಿಗ್ಗೆ ಮುಚ್ಚಳ ತೆಗೆದಾಗ ಹಾಲು ಹಾಲಾಗಿಯೇ ಇದ್ದರೆ ಅವ್ವ ಏನೆನ್ನುತ್ತಾಳೆ? ಹೆಪ್ಪು ಬಿದ್ದೇ ಇಲ್ಲ ಎನ್ನುತ್ತಾಳೆ. ತೀರ್ಪಿನ ದಿನ ಕ್ರಿಯೆಗಳನ್ನು ನೋಡುವುದೆಂದರೆ ಮುಚ್ಚಳ ತೆಗೆದು ನೋಡುವುದು.

ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಸಾಮ್ಯದ ಅರ್ಥವೇನು?

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ. ತೀರ್ಪಿನ ಬಗ್ಗೆ ಒಂದೇ ಭಾಗ ಓದಲು ಪುರುಸೊತ್ತು ಇರುವವರು ಇದನ್ನು ಓದಲಿ.

ಹಾವೇರಿ, ರಾಣೇಬೆನ್ನೂರು ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆ ನಿಲ್ಲಿಸುವುದನ್ನು ನೋಡಿದ್ದೀರಿ. ಮಂದೆಯಲ್ಲಿ ಕುರಿಗಳ ನಡುವೆ ಆಡುಗಳೂ ಇರುತ್ತವೆ. ಸಂಜೆ ಹೊತ್ತು ರಸ್ತೆಯಿಂದ ನೋಡಿದರೆ ಕರಿ ಕುರಿ ಯಾವುದು, ಕರಿ ಆಡು ಯಾವುದು ಎಂದು ನನ್ನಂಥವನಿಗೆ ತಿಳಿಯುವುದಿಲ್ಲ. ಕುರುಬನಿಗೆ ತಿಳಿಯುತ್ತದೆ. ಯೇಸುವಿನ ಶ್ರೋತೃಗಳಿಗೂ ಇದು ಕಣ್ಣೆದುರಿನ ನೋಟ.

ಸಾಮ್ಯದ ರಾಜನು ಸಿಂಹಾಸನದಲ್ಲಿ ಕೂತು, ಕುರುಬನು ಕುರಿ ಆಡುಗಳನ್ನು ಬೇರ್ಪಡಿಸುವಂತೆ ಜನರನ್ನು ಬಲಗಡೆ, ಎಡಗಡೆ ನಿಲ್ಲಿಸಿ ಆರು ವಿಷಯ ಎತ್ತುತ್ತಾನೆ: ಹಸಿದಿದ್ದೆನು, ಬಾಯಾರಿದ್ದೆನು, ಪರದೇಶಿಯಾಗಿದ್ದೆನು, ಬಟ್ಟೆಯಿಲ್ಲದೆ ಇದ್ದೆನು, ರೋಗಿಯಾಗಿದ್ದೆನು, ಸೆರೆಮನೆಯಲ್ಲಿದ್ದೆನು. ಎಷ್ಟು ಸಲ ಆರಾಧನೆಗೆ ಬಂದೆ, ಕಾಣಿಕೆ ಚೀಲಕ್ಕೆ ಎಷ್ಟು ಹಾಕಿದೆ, ಯಾವ ಸಭೆಯ ಪಟ್ಟಿಯಲ್ಲಿ ಹೆಸರಿತ್ತು ಎಂದು ಕೇಳುವುದಿಲ್ಲ. ಇನ್ನೊಂದು ವಿಶೇಷವೆಂದರೆ ಎರಡೂ ಗುಂಪಿನವರಿಗೆ ಆಶ್ಚರ್ಯವಾಗುತ್ತದೆ. ‘ಕರ್ತನೇ, ನಿನ್ನನ್ನು ನಾವು ಯಾವಾಗ ನೋಡಿದೆವು’ ಎಂದು ಬಲಗಡೆಯವರೂ ಕೇಳುತ್ತಾರೆ, ಎಡಗಡೆಯವರೂ ಕೇಳುತ್ತಾರೆ. ಒಳ್ಳೆಯದನ್ನು ಮಾಡಿದವರಿಗೆ ತಾವು ಮಾಡಿದ್ದು ಲೆಕ್ಕದಲ್ಲಿಯೇ ಇಲ್ಲ. ಪುಣ್ಯ ಸಂಪಾದನೆಗೆಂದು ಮಾಡಿದ್ದರೆ ವಹಿ ಇಟ್ಟಿರುತ್ತಿದ್ದರು.

‘ಈ ನನ್ನ ಸಹೋದರರಲ್ಲಿ ಅಲ್ಪನಾದವನಿಗೆ’ ಮಾಡಿದ್ದನ್ನು ನನಗೇ ಮಾಡಿದಿರಿ ಎಂಬುದು ರಾಜನ ಉತ್ತರ. ಆ ಅಲ್ಪನಾದವನು ಎಂದರೆ ಯೇಸುವಿನ ಶಿಷ್ಯರು ಮಾತ್ರವೇ, ಕಷ್ಟದಲ್ಲಿರುವ ಯಾರಾದರೂ ಆಗಬಹುದೇ ಎಂದು ವ್ಯಾಖ್ಯಾನಕಾರರಲ್ಲಿ ಭಿನ್ನಮತವಿದೆ. ನನ್ನ ಒಲವು ಎರಡನೆಯದರ ಕಡೆಗೆ. ಗದಗ, ಕೊಪ್ಪಳ, ಹಾವೇರಿಯಿಂದ ರೋಗಿಯನ್ನು ಕರೆತಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಹೊರಗೆ ಚಾದರ ಹಾಸಿ ಮಲಗುವವರು, ಮಳೆ ಕೈಕೊಟ್ಟ ವರ್ಷ ಗೋವೆಗೆ ದುಡಿಯಲು ಹೋಗುವ ತಾಂಡಾದವರು, ಧಾರವಾಡದ ಜೈಲಿನಲ್ಲಿ ಜಾಮೀನಿಗೆ ಹಣವಿಲ್ಲದೆ ಉಳಿದವರು: ಆ ಪಟ್ಟಿಗೆ ನಮ್ಮ ಜಿಲ್ಲೆಗಳಲ್ಲಿ ಹೆಸರು ತುಂಬಿಸಲು ಬಹಳ ಹುಡುಕಬೇಕಾಗಿಲ್ಲ.

ವ್ಯಾಪಾರದಲ್ಲಿ ಸಣ್ಣಪುಟ್ಟ ಹೆಚ್ಚುಕಡಿಮೆ ಎಲ್ಲರೂ ಮಾಡುತ್ತಾರೆ. ಅದಕ್ಕೂ ತೀರ್ಪು ಇದೆಯೇ?

ಬೈಬಲಿನ ಪ್ರವಾದಿಗಳಿಗೆ ಅದು ಸಣ್ಣದಾಗಿರಲಿಲ್ಲ. ಅಳತೆಯ ಕೊಳಗವನ್ನು ಕಿರಿದು ಮಾಡಿ, ತೂಕದ ಕಲ್ಲನ್ನು ಹಿರಿದು ಮಾಡಿ, ಕಾಳಿನ ಜೊತೆ ಜೊಳ್ಳನ್ನೂ ಮಾರಿ, ಹಬ್ಬ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಕಾಯುವವರನ್ನು ಆಮೋಸ ಹೆಸರಿಡದೆ ಆದರೆ ಚೆನ್ನಾಗಿ ಗುರುತು ಸಿಗುವಂತೆ ಬೈದಿದ್ದಾನೆ. ಆಮೋಸ ಸ್ವತಃ ಕುರಿ ಕಾಯುವವನು, ಸಂತೆಯಲ್ಲಿ ಮೋಸ ಹೋದವರನ್ನು ಕಂಡಿದ್ದಾನು. ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು ಇರಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ. ನಿನ್ನಂತೆಯೇ ನಿನ್ನ ನೆರೆಯವನನ್ನೂ ಪ್ರೀತಿಸು ಎಂಬ ಪ್ರಸಿದ್ಧ ವಾಕ್ಯವೂ ಅದೇ ಅಧ್ಯಾಯದಲ್ಲಿದೆ. ಪ್ರೀತಿ ಮತ್ತು ತಕ್ಕಡಿ ಒಂದೇ ಪುಟದಲ್ಲಿ.

ನಮ್ಮ ಅಪ್ಪ ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಆಗಿನ ಎರಕದ ಕಬ್ಬಿಣದ ತೂಕದ ಕಲ್ಲುಗಳ ಅಡಿಯಲ್ಲಿ ಒಂದು ತೂತಿಗೆ ಸೀಸ ತುಂಬಿ ಅದರ ಮೇಲೆ ಸರ್ಕಾರಿ ಮುದ್ರೆ ಒತ್ತುತ್ತಿದ್ದರು. ಒಂದು ವರ್ಷ ಮುದ್ರೆ ಹೊಡೆಸಲು ಒಯ್ದಾಗ ಅರ್ಧ ಕಿಲೋದ ಕಲ್ಲಿನ ಸೀಸ ಉದುರಿಹೋಗಿದ್ದು ಗೊತ್ತಾಯಿತು. ಯಾವಾಗ ಉದುರಿತೋ ದೇವರಿಗೇ ಗೊತ್ತು. ಅಂದಿನಿಂದ ಅರ್ಧ ಕಿಲೋ ಸಕ್ಕರೆ, ಬೇಳೆ ಒಯ್ದವರಿಗೆಲ್ಲ ಅಷ್ಟಷ್ಟು ಕಡಿಮೆ ಬಿದ್ದಿತ್ತು. ಅಪ್ಪ ದಂಡ ಕಟ್ಟಿ ಸುಮ್ಮನಿರಬಹುದಿತ್ತು. ಅವರು ಮುಂದಿನ ಆರು ತಿಂಗಳು ಅರ್ಧ ಕಿಲೋ ಕೇಳಿದ ಪ್ರತಿಯೊಬ್ಬರಿಗೂ ಒಂದು ಹಿಡಿ ಕೊಸರು ಹಾಕಿದರು. ಕಾರಣ ಕೇಳಿದವರಿಗೆ ಕಾರಣವನ್ನೂ ಹೇಳಿದರು. ಅದರಿಂದ ಎರಡು ಮನೆಯ ಗಿರಾಕಿ ತಪ್ಪಿತು. ‘ಊರು ಬಿಟ್ಟು ಹೋದವರಿಗೆ ಹೇಗೆ ತೀರಿಸುತ್ತೀರಿ’ ಎಂದು ಅವ್ವ ಕೇಳಿದಾಗ ಅಪ್ಪ ಉತ್ತರ ಕೊಡಲಿಲ್ಲ. ಆ ಕಲ್ಲು ಈಗಲೂ ನನ್ನ ಮನೆಯಲ್ಲಿದೆ, ಪತ್ರಿಕೆಗಳು ಗಾಳಿಗೆ ಹಾರದಂತೆ ಅದನ್ನು ಮೇಲಿಡುತ್ತೇನೆ.

ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ, ಉಪಾಯಗಳೂ ಅದರ ಜೊತೆಗೆ ಬೆಳೆದಿವೆ. ತೂಕ ಬರಲೆಂದು ಮೆಣಸಿನಕಾಯಿ ಚೀಲಕ್ಕೆ ನೀರು ಚಿಮುಕಿಸುವ ರೈತನೂ, ತೇವಾಂಶ ಎಂದು ಇಲ್ಲದ ಕಡಿತ ಹಾಕುವ ಖರೀದಿದಾರನೂ ಒಬ್ಬರನ್ನೊಬ್ಬರು ಬೈಯುತ್ತಾರೆ, ಇಬ್ಬರ ಮಾತೂ ನಿಜ. ಕೂಲಿಯ ವಿಷಯ ಇದಕ್ಕಿಂತ ಕಠಿಣ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬ ಬರೆಯುತ್ತಾನೆ. ಮನೆಗೆಲಸದವಳಿಗೆ ತಿಂಗಳ ಮೊದಲ ವಾರ ದಾಟಿಸಿ ಸಂಬಳ ಕೊಡುವವರು ಆ ವಾಕ್ಯವನ್ನು ಗಟ್ಟಿಯಾಗಿ ಓದಬೇಕು.

‘ತೀರ್ಪು ಮಾಡಬೇಡಿರಿ’ ಎಂದು ಯೇಸು ಹೇಳಿದ ಮೇಲೆ ತಪ್ಪನ್ನು ತಪ್ಪು ಎನ್ನುವುದೂ ಪಾಪವೇ?

ಈ ವಾಕ್ಯವನ್ನು ಹೆಚ್ಚು ಉದ್ಧರಿಸುವುದು ಸಿಕ್ಕಿಬಿದ್ದವರು ಎಂಬುದು ನನ್ನ ಅನುಭವ. ಯೇಸುವಿನ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಮೊದಲು ನಿನ್ನ ಕಣ್ಣಿನ ತೊಲೆಯನ್ನು ತೆಗೆದುಕೋ, ಆಮೇಲೆ ನಿನ್ನ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ಚೆನ್ನಾಗಿ ಕಾಣಿಸುವುದು ಎನ್ನುತ್ತಾನೆ. ರವೆ ಇದ್ದರೆ ಇರಲಿ ಬಿಡು ಎನ್ನುವುದಿಲ್ಲ. ಲೂಕನಲ್ಲಿ ಇದೇ ಉಪದೇಶದ ಬೆನ್ನಿಗೇ ಅಳತೆಯ ಮಾತು ಬರುತ್ತದೆ: ಕೊಡಿರಿ, ಆಗ ಜಡಿದು, ಅಲ್ಲಾಡಿಸಿ, ಹೊರಗೆ ಚೆಲ್ಲುವಂತೆ ನಿಮಗೂ ಅಳೆದುಕೊಡುವರು, ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆಯಲಾಗುವುದು. ಬೇರೆಯವರ ತಪ್ಪು ತೂಗುವಾಗಲೂ ಕೊಸರು ಹಾಕಬೇಕು ಎಂದು ನಾನು ಇದನ್ನು ಓದುತ್ತೇನೆ. ಆದರೆ ಕೂಲಿ ನುಂಗಿದ ಗುತ್ತಿಗೆದಾರನ ಎದುರು ‘ನಾವು ತೀರ್ಪು ಮಾಡಬಾರದು’ ಎಂದು ಸುಮ್ಮನಾಗುವುದು ಆ ಕೊಸರನ್ನು ಬೇರೆಯವರ ಚೀಲದಿಂದ ತೆಗೆದು ಕೊಟ್ಟಂತೆ.

ಬರಗಾಲ, ನೆರೆ, ಅಪಘಾತ ಇವೆಲ್ಲ ದೇವರ ಶಿಕ್ಷೆಯೇ?

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಎರಡೂ ಸಲ ಪಾಪದ ಫಲ ಎಂದು ವ್ಯಾಖ್ಯಾನ ಮಾಡಿದವರ ಮಾತು ನನ್ನ ಕಿವಿಗೂ ಬಿತ್ತು.

ಯೇಸುವಿನ ಕಾಲದಲ್ಲಿಯೂ ಕಟ್ಟಡ ಕುಸಿದಿತ್ತು. ಜೆರುಸಲೇಮಿನ ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತ ಸುದ್ದಿಯನ್ನು ಆತ ತಾನಾಗಿಯೇ ಎತ್ತಿ, ಊರಿನ ಉಳಿದವರಿಗಿಂತ ಅವರು ಹೆಚ್ಚು ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿ, ಇಲ್ಲ ಎಂದು ಉತ್ತರಿಸಿದನು. ಅದರ ಹಿಂದೆಯೇ, ನೀವು ದೇವರ ಕಡೆಗೆ ತಿರುಗದಿದ್ದರೆ ನೀವೂ ಹಾಗೆಯೇ ನಾಶವಾಗುವಿರಿ ಎಂದೂ ಹೇಳಿದನು. ಸತ್ತವರ ಲೆಕ್ಕ ಬಿಟ್ಟು ನಿಮ್ಮ ಲೆಕ್ಕ ನೋಡಿಕೊಳ್ಳಿ ಎಂಬುದೇ ಅದರ ದನಿ. ಬುರುಜಿಗೆ ಸುಣ್ಣ ಕಡಿಮೆ ಹಾಕಿದವನು ಯಾರು ಎಂಬುದು ಬೇರೆ ವಿಚಾರಣೆ, ಅದು ನಡೆಯಲೇಬೇಕು.

ನರಕದಲ್ಲಿ ನಿಜವಾಗಿ ಬೆಂಕಿ ಇದೆಯೇ?

ಯೇಸು ಬಳಸಿದ ಪದ ‘ಗೆಹೆನ್ನ’. ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆಯ ಹೆಸರು ಅದು. ಅಲ್ಲಿ ಒಂದು ಕಾಲದಲ್ಲಿ ಮಕ್ಕಳನ್ನು ಬೆಂಕಿಗೆ ಆಹುತಿ ಕೊಡುತ್ತಿದ್ದರೆಂದು ಯೆರೆಮೀಯನು ಸಂಕಟಪಟ್ಟು ಬರೆದಿದ್ದಾನೆ. ಮನುಷ್ಯರೇ ಹಚ್ಚಿದ ಬೆಂಕಿಯ ಜಾಗ ನರಕಕ್ಕೆ ಹೆಸರಾಯಿತು. ಆ ಶಿಕ್ಷೆ ಎಂದೆಂದಿಗೂ ಇರುವ ಯಾತನೆ ಎಂಬುದು ಹೆಚ್ಚಿನ ಸಭೆಗಳ ಬೋಧನೆ. ದುಷ್ಟರು ಇಲ್ಲವಾಗಿಬಿಡುತ್ತಾರೆ ಎನ್ನುವವರಿದ್ದಾರೆ. ಕೊನೆಗೆ ಎಲ್ಲರೂ ಸುಧಾರಿಸುವರೆಂದು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಆಶಿಸಿದ್ದ, ಆ ಅಭಿಪ್ರಾಯ ಮುಂದೆ ಖಂಡನೆಗೆ ಒಳಗಾಯಿತು. ನಾನು ಚಿಕ್ಕವನಿದ್ದಾಗ ಜ್ವಾಲೆಗಳ ಬಣ್ಣದ ಚಾರ್ಟ್ ತೋರಿಸಿ ನಮ್ಮನ್ನು ಹೆದರಿಸಿದ್ದರು. ವಾರಗಟ್ಟಲೆ ನಿದ್ದೆ ಬರಲಿಲ್ಲ, ಆದರೆ ಸುಳ್ಳು ಹೇಳುವುದನ್ನು ಬಿಟ್ಟೆ ಎಂದೇನೂ ಅಲ್ಲ. ನನ್ನ ತರಗತಿಯಲ್ಲಿ ಆ ಚಾರ್ಟ್ ಇಲ್ಲ.

ನನ್ನ ಅಜ್ಜಿ ದೀಕ್ಷಾಸ್ನಾನ ಪಡೆಯದೆ ತೀರಿಕೊಂಡರು. ಅವರಿಗೆ ಏನಾಗುತ್ತದೆ?

ಇದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದು ಎಲ್ಲರೂ ಹೋದ ಮೇಲೆ ಕೇಳಿದಳು. ಅವಳ ತಾಯಿಯ ತಾಯಿ ತಪ್ಪದೆ ಸಿದ್ಧಾರೂಢ ಮಠಕ್ಕೆ ಹೋಗುತ್ತಿದ್ದವರು, ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದವರು. ಸಭೆಯ ಯಾರೋ ಹಿರಿಯರು ಅವಳಿಗೆ ನೇರವಾಗಿ ‘ನರಕ’ ಎಂದುಬಿಟ್ಟಿದ್ದರು.

ಬೈಬಲಿನಲ್ಲಿ ಕಠಿಣ ವಾಕ್ಯಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಮೂಲಕವಾಗಿ ಹೊರತು ಯಾರೂ ತಂದೆಯ ಬಳಿಗೆ ಬಾರರು ಎಂದು ಯೋಹಾನನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ಹಲವು ಸಭೆಗಳು ಇದನ್ನು ಹಿಡಿದು, ಕ್ರಿಸ್ತನನ್ನು ನಂಬಿ ಒಪ್ಪಿಕೊಳ್ಳದವರಿಗೆ ರಕ್ಷಣೆಯಿಲ್ಲ ಎಂದು ಬೋಧಿಸುತ್ತವೆ. ಅದರ ಜೊತೆಗೇ ಓದಬೇಕಾದದ್ದು ರೋಮಾಪುರದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಯೆಹೂದ್ಯರ ಧರ್ಮಶಾಸ್ತ್ರವಿಲ್ಲದ ಜನರು ಅದರಲ್ಲಿ ಹೇಳಿದಂತೆ ನಡೆದಾಗ ಅದು ಅವರ ಹೃದಯದಲ್ಲಿ ಬರೆದಿದೆ ಎಂದು ತೋರುತ್ತದೆ, ಅವರ ಮನಸ್ಸಾಕ್ಷಿಯೂ ಸಾಕ್ಷಿ ಹೇಳುತ್ತದೆ ಎನ್ನುತ್ತಾನೆ ಪೌಲ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ದೇವರನ್ನು ಪ್ರಾಮಾಣಿಕವಾಗಿ ಹುಡುಕಿ ಮನಸ್ಸಾಕ್ಷಿಯಂತೆ ಬಾಳಿದರೆ ಅವರಿಗೂ ರಕ್ಷಣೆ ಸಾಧ್ಯ ಎಂದು ಕ್ಯಾಥೋಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಹಾಗೆ ರಕ್ಷಿಸುವವನೂ ಕ್ರಿಸ್ತನೇ ಎಂಬುದು ಅದರ ನಿಲುವು.

ದುಷ್ಟತನಕ್ಕಾಗಿ ನಾಶವಾಗಲಿದ್ದ ಸೊದೋಮ್ ಪಟ್ಟಣದ ಪರವಾಗಿ ದೇವರ ಎದುರು ನಿಂತು ಅಬ್ರಹಾಮ ವಾದಿಸುತ್ತಾನೆ: ಐವತ್ತು ಮಂದಿ ನೀತಿವಂತರಿದ್ದರೆ? ನಲವತ್ತೈದು? ಹತ್ತು? ನಮ್ಮ ದುರ್ಗದಬೈಲಿನಲ್ಲಿ ಚೌಕಾಸಿ ಮಾಡುವವರೂ ಅಷ್ಟು ಇಳಿಸುವುದಿಲ್ಲ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡೆಸುವನಲ್ಲವೇ ಎಂಬುದು ಆ ವಾದದ ಬುಡ. ದೇವರು ಸಿಟ್ಟಾಗಲಿಲ್ಲ, ಪ್ರತಿ ಸಲವೂ ಇಳಿದುಬಂದನು. ಅವಳಿಗೆ ಆ ಅಧ್ಯಾಯ ತೆಗೆದುಕೊಟ್ಟು, ‘ನಿನ್ನ ಅಜ್ಜಿಯ ಪರವಾಗಿ ನೀನೂ ಹೀಗೆ ಕೇಳಬಹುದು. ನ್ಯಾಯಾಸನದಲ್ಲಿ ಕೂತಿರುವುದು ಆ ಹಿರಿಯರೂ ಅಲ್ಲ, ನಾನೂ ಅಲ್ಲ’ ಎಂದೆ. ಅವಳು ಪುಟದ ಮೂಲೆ ಮಡಚಿಕೊಂಡು ಹೋದಳು. ಪುಸ್ತಕ ಸಭೆಯದ್ದು, ಆದರೂ ನಾನು ಏನೂ ಅನ್ನಲಿಲ್ಲ.

ಜೀವನವಿಡೀ ಹಾಳು ಮಾಡಿಕೊಂಡು ಕೊನೆಯ ಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟವನಿಗೂ ಪರಲೋಕವೇ? ಇದು ಅನ್ಯಾಯವಲ್ಲವೇ?

ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುತ್ತಿದ್ದ ಕಳ್ಳನಿಗೆ ಸಿಕ್ಕಿತು. ಅನ್ಯಾಯ ಎಂಬ ದೂರನ್ನು ಯೇಸುವೇ ಮೊದಲು ಊಹಿಸಿದ್ದ. ಬೆಳಿಗ್ಗೆ ಊರಿನ ಸರ್ಕಲ್‌ಗಳಲ್ಲಿ ಬುತ್ತಿ, ಸನಿಕೆ ಹಿಡಿದು ಕೂಲಿಗಾಗಿ ಕಾಯುವವರನ್ನು ನೋಡಿ. ಹತ್ತು ಗಂಟೆಯಾದರೂ ಯಾರೂ ಕರೆಯದವನ ಮುಖ ನೋಡಿ. ದ್ರಾಕ್ಷೇತೋಟದ ಸಾಮ್ಯದಲ್ಲಿ ಸಂಜೆಯವರೆಗೂ ನಿಂತವರನ್ನು ಧಣಿ ‘ಯಾಕೆ ಸುಮ್ಮನೆ ನಿಂತಿದ್ದೀರಿ’ ಎಂದು ಕೇಳಿದಾಗ, ‘ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ’ ಎನ್ನುತ್ತಾರೆ. ಒಂದೇ ತಾಸು ದುಡಿದ ಅವರಿಗೂ ಇಡೀ ದಿನದ ಕೂಲಿ. ಮನೆಯಲ್ಲಿ ರೊಟ್ಟಿ ಬೇಕಾಗುವುದು ಒಂದು ತಾಸಿನ ಲೆಕ್ಕದಲ್ಲಿ ಅಲ್ಲವಲ್ಲ. ಬೆಳಗಿನವರು ಗೊಣಗಿದರು. ನನ್ನಂಥ ಹುಟ್ಟಾ ಸಭೆಯವರು ಇಂದಿಗೂ ಗೊಣಗುತ್ತೇವೆ.

ನಾನು ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ. ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದರೆ ಸಾಕೇ?

ದೇವರಿಗೆ ಮಾಡಿದ್ದಾದರೆ ದೇವರನ್ನು ಕೇಳಿ. ಅಣ್ಣನಿಗೆ ಮಾಡಿದ್ದಾದರೆ ಅಣ್ಣನ ಮನೆಗೂ ಹೋಗಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎನ್ನುವುದು ಬೆಟ್ಟದ ಪ್ರಸಂಗದ ಮಾತು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಎಂದ ಮೇಲೆಯೇ, ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದನು.

ನಮ್ಮ ಕಡೆ ಇದು ಹೆಚ್ಚಾಗಿ ವಾಟ್ನಿಯ, ಅಂದರೆ ಆಸ್ತಿ ಪಾಲಿನ ವಿಷಯದಲ್ಲಿ ಬರುತ್ತದೆ. ವರ್ಷಕ್ಕೆ ಒಂದೊಂದು ಸಾಲು ಬದು ಒತ್ತಿ ಉತ್ತು, ತಂಗಿಯ ಸಹಿ ಹೇಗೋ ಹಾಕಿಸಿಕೊಂಡು, ಕ್ರಿಸ್‌ಮಸ್‌ಗೆ ಅವಳ ಮನೆಗೆ ಕೇಕ್ ಕಳಿಸುವವರಿದ್ದಾರೆ. ನೆರೆಯವನ ಗಡಿಕಲ್ಲನ್ನು ಸರಿಸಿದವನು ಶಾಪಗ್ರಸ್ತನು ಎಂದು ಧರ್ಮೋಪದೇಶಕಾಂಡ ಹೇಳುವಾಗ ಇಸ್ರಾಯೇಲಿನ ಜನರೆಲ್ಲ ಆಮೆನ್ ಎನ್ನಬೇಕಾಗಿತ್ತು. ಕೇಕ್ ಬೇಡ, ಕಲ್ಲನ್ನು ಹಿಂದಕ್ಕೆ ಸರಿಸಿ. ಕ್ಯಾಥೋಲಿಕರಾಗಿದ್ದರೆ ಪಾಪನಿವೇದನೆಯಲ್ಲಿ ಗುರುಗಳೂ ಇದನ್ನೇ ಹೇಳುತ್ತಾರೆ, ಕದ್ದದ್ದನ್ನು ಹಿಂತಿರುಗಿಸುವುದು ಅವರಲ್ಲಿ ಕಡ್ಡಾಯ.

ದನಕರುಗಳಿಗೂ ತೀರ್ಪು ಇದೆಯೇ?

ಕೇಳಿದವನು ಎರಡನೆಯ ತರಗತಿಯ ಹುಡುಗ. ಕಾರಹುಣ್ಣಿಮೆಯ ಮರುದಿನ, ಅಜ್ಜನ ಊರಿನಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಬಂದಿದ್ದ. ಉಳಿದ ಮಕ್ಕಳು ನಕ್ಕರು. ನಾನು ಪ್ರವಾದಿ ಯೋನನ ಪುಸ್ತಕ ತೆಗೆದೆ. ಅವನನ್ನು ಮೀನು ನುಂಗಿದ್ದು ಎಲ್ಲರಿಗೂ ಗೊತ್ತು, ಆಮೇಲಿನದ್ದು ಯಾರಿಗೂ ನೆನಪಿಲ್ಲ. ನಲವತ್ತು ದಿನವಾದ ಮೇಲೆ ನಿನೆವೆ ಕೆಡವಲ್ಪಡುವುದು ಎಂದು ಯೋನ ಸಾರಿದಾಗ ಆ ಊರಿನವರು ಉಪವಾಸ ಮಾಡಿ ಗೋಣಿತಟ್ಟು ಉಟ್ಟರು, ದನಗಳಿಗೂ ಹೊದಿಸಿದರು. ತೀರ್ಪು ಜಾರಿಯಾಗಲಿಲ್ಲ. ತಾನು ಹೇಳಿದ್ದು ಸುಳ್ಳಾಯಿತಲ್ಲ ಎಂದು ಯೋನ ಊರ ಹೊರಗೆ ಮುಖ ಊದಿಸಿಕೊಂಡು ಕೂತ. ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿರುವ ಈ ದೊಡ್ಡ ಊರಿಗಾಗಿ ನಾನು ಕನಿಕರಪಡಬಾರದೋ ಎಂದು ದೇವರು ಅವನನ್ನು ಕೇಳಿದನು. ಯೋನ ಏನೆಂದ ಎಂದು ಬರೆದಿಲ್ಲ. ಪುಸ್ತಕ ಆ ಪ್ರಶ್ನೆಯಲ್ಲಿಯೇ ಮುಗಿಯುತ್ತದೆ, ಮತ್ತು ಜನರ ಲೆಕ್ಕ ಹೇಳಿದ ಮೇಲೆ ಕೊನೆಗೆ ಸೇರಿಸಿರುವುದು ‘ಬಹಳ ಪಶುಗಳೂ’ ಎಂದು.

ಹುಡುಗ ಎಷ್ಟು ಪಶುಗಳು ಎಂದು ಕೇಳಿದ.